ತೈಲಬಾವಿಯ ಪರಿಣಾಮಕಾರಿ ತ್ರಿಜ್ಯ: ಗೋಡೆಯಾಚೆಯ ಮೊದಲ ಗೇಣು

ಶಿರಸಿಯ ನಮ್ಮ ಮನೆಯ ಬಾವಿಯ ಹೂಳನ್ನು ಬೇಸಿಗೆಯಲ್ಲಿ ತೆಗೆಯುವಾಗ, ಕೆಳಗಿಳಿದವರು ಚಿರೆಕಲ್ಲಿನ ಸಂದಿಗೆ ಮೆತ್ತಿಕೊಂಡ ಜೇಡಿಯನ್ನು ಕೈಯಿಂದಲೇ ಕೆರೆಯುತ್ತಾರೆ. ಕೆರೆದ ಮರುಕ್ಷಣ ಒರತೆ ಹರಿಯತೊಡಗುತ್ತದೆ. ಬಾವಿಯ ಅಗಲ ಒಂದಂಗುಲವೂ ಹೆಚ್ಚಿರುವುದಿಲ್ಲ. ತೈಲಬಾವಿಯ ಪರಿಣಾಮಕಾರಿ ತ್ರಿಜ್ಯವನ್ನು ವಿವರಿಸುವಾಗಲೆಲ್ಲ ನಾನು ಈ ಜೇಡಿಯಿಂದಲೇ ಆರಂಭಿಸುತ್ತೇನೆ.

ತೈಲಬಾವಿ ಕೊರೆಯುವಾಗ ಬಳಸುವ ಡ್ರಿಲ್ಲಿಂಗ್ ಮಡ್ ಎಂಬ ಕೆಸರಿನಂಥ ದ್ರವ ಕೂಡ ಬಂಡೆಯ ಸೂಕ್ಷ್ಮ ರಂಧ್ರಗಳಲ್ಲಿ ಹೀಗೆಯೇ ಕಟ್ಟಿಕೊಳ್ಳುತ್ತದೆ. ಅದರಿಂದಾಗುವ ಹೆಚ್ಚುವರಿ ಒತ್ತಡನಷ್ಟವನ್ನು ‘ಸ್ಕಿನ್’ ಎಂಬ ಒಂದೇ ಸಂಖ್ಯೆಯಲ್ಲಿ ಹೇಳುವ ಕ್ರಮವನ್ನು 1953ರಲ್ಲಿ ವಾನ್ ಎವರ್ಡಿಂಜನ್ ಮತ್ತು ಹರ್ಸ್ಟ್ ತಮ್ಮ ತಮ್ಮ ಲೇಖನಗಳಲ್ಲಿ ಮಂಡಿಸಿದರು. ಸ್ವಾಭಾವಿಕ ಲಾಗರಿದಮ್‌ನ ಆಧಾರಸಂಖ್ಯೆ ‘ಇ’ಯನ್ನು (ಸುಮಾರು 2.718) ಋಣ ಸ್ಕಿನ್ ಘಾತಕ್ಕೇರಿಸಿ, ಕೊರೆದ ತ್ರಿಜ್ಯದಿಂದ ಗುಣಿಸಿದರೆ ಪರಿಣಾಮಕಾರಿ ತ್ರಿಜ್ಯ ಸಿಗುತ್ತದೆ, ಎಂದರೆ, ಹಾನಿಯೇ ಆಗದ ಬಂಡೆಯಲ್ಲಿ ಇಷ್ಟೇ ಎಣ್ಣೆ ಕೊಡಲು ಎಷ್ಟು ತ್ರಿಜ್ಯದ ಬಾವಿ ಸಾಕಾಗುತ್ತಿತ್ತು ಎಂಬುದರ ಉತ್ತರ.

ದೊಡ್ಡ ಬಿಟ್ ಹಾಕಿಸಿದರೆ ಬೋರ್‌ವೆಲ್‌ನಲ್ಲಿ ನೀರು ದುಪ್ಪಟ್ಟಾಗುತ್ತದೆ ಎಂದು ನಮ್ಮ ಎಷ್ಟೋ ತೋಟಿಗರು ನಂಬುತ್ತಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ಬಾವಿಯ ತ್ರಿಜ್ಯ 10 ಸೆಂ.ಮೀ., ಅದು ಎಣ್ಣೆ ಎಳೆದುಕೊಳ್ಳುವ ವಲಯದ ತ್ರಿಜ್ಯ 300 ಮೀಟರ್ ಎಂದಿಟ್ಟುಕೊಳ್ಳಿ. ತ್ರಿಜ್ಯವನ್ನು 20 ಸೆಂ.ಮೀ.ಗೆ ಹಿಗ್ಗಿಸಿದರೆ ಇಳುವರಿ ಹೆಚ್ಚುವುದು ಶೇ. 10ಕ್ಕಿಂತ ಕಡಿಮೆ. ಆದರೆ ಸ್ಕಿನ್ 8 ಆದರೆ ಇಳುವರಿ ಅರ್ಧಕ್ಕಿಳಿಯುತ್ತದೆ. ಪರಿಣಾಮಕಾರಿ ತ್ರಿಜ್ಯ ಸುಮಾರು 0.03 ಮಿ.ಮೀ., ಅಂದರೆ ಬಾವಿ ಹೆಚ್ಚುಕಡಿಮೆ ಕೂದಲೆಳೆಯಷ್ಟೇ ಸಪೂರ. ಬಂಡೆಯನ್ನು ಸೀಳಿ ಸ್ಕಿನ್ ಮೈನಸ್ 4ಕ್ಕೆ ಬಂದರೆ ಅದೇ ಬಾವಿ ಐದೂವರೆ ಮೀಟರ್ ತ್ರಿಜ್ಯದ ಬಾವಿಯಂತೆ ವರ್ತಿಸಿ, ಇಳುವರಿ ಎರಡು ಪಟ್ಟಾಗುತ್ತದೆ. ಬಾವಿಯಿಂದ ಎರಡೂ ಬದಿಗೆ ರೆಕ್ಕೆಯಂತೆ ಚಾಚುವ, ಎಣ್ಣೆ ಸರಾಗವಾಗಿ ಹರಿಯಬಲ್ಲ ಸೀಳಿನ ಒಂದು ರೆಕ್ಕೆಯ ಉದ್ದದ ಅರ್ಧವೇ ಪರಿಣಾಮಕಾರಿ ತ್ರಿಜ್ಯವೆಂದು ಪ್ರಾಟ್ಸ್ 1961ರಲ್ಲಿ ತೋರಿಸಿದ್ದು ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಆದ್ದರಿಂದ, ಬಾವಿ ಪರೀಕ್ಷೆಯ ವರದಿಯಲ್ಲಿ ಸ್ಕಿನ್‌ನ ಪಕ್ಕದಲ್ಲೇ ಪರಿಣಾಮಕಾರಿ ತ್ರಿಜ್ಯವನ್ನೂ ಬರೆಯಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ‘ಎಂಟು’ ಎಂಬ ಅಂಕಿ ಯಾರ ಮನಸ್ಸಿಗೂ ತಟ್ಟುವುದಿಲ್ಲ. ಬಾವಿ ಕೂದಲೆಳೆಯಷ್ಟಾಗಿದೆ ಎಂದರೆ ಹಣ ಮಂಜೂರು ಮಾಡುವವರಿಗೂ ತಟ್ಟುತ್ತದೆ. ಆದರೆ ತ್ರಿಜ್ಯ ಕುಗ್ಗಿದ್ದಕ್ಕೆಲ್ಲ ಕೊಳೆಯೇ ಕಾರಣವೆಂದು ಆತುರಪಡಬಾರದು. ಎಣ್ಣೆಯ ಪದರದ ಒಂದು ಭಾಗಕ್ಕೆ ಮಾತ್ರ ಕೇಸಿಂಗ್‌ನಲ್ಲಿ (ಬಾವಿಯೊಳಗೆ ಇಳಿಸಿದ ಉಕ್ಕಿನ ಕೊಳವೆಯಲ್ಲಿ) ತೂತು ಮಾಡಿದ್ದರೂ ಸ್ಕಿನ್ ಏರುತ್ತದೆ, ಮತ್ತು ಅದನ್ನು, ಕೊಳೆ ಕರಗಿಸುವ ಆಮ್ಲವನ್ನು ಎಷ್ಟು ಸುರಿದರೂ ತೊಳೆಯಲಾಗದು.