ಮತ ಒಡೆದವರು ಯಾರು? ಬ್ರಿಟನ್ ಚುನಾವಣೆಗಳ ಲೆಕ್ಕ

ಗೆಳೆಯರೇ,

ಇಂಗ್ಲೆಂಡಿನ ಪೂರ್ವ ಭಾಗದಲ್ಲಿ ಸೌತ್ ವೆಸ್ಟ್ ನಾರ್ಫೋಕ್ ಎಂಬ ಕ್ಷೇತ್ರವಿದೆ. ಬೇಸಾಯದ ಸೀಮೆ. 2019ರಲ್ಲಿ ಕನ್ಸರ್ವೇಟಿವ್ ಪಕ್ಷದ ಲಿಜ್ ಟ್ರಸ್ ಅಲ್ಲಿ 26,195 ಮತಗಳ ಅಂತರದಿಂದ ಗೆದ್ದಿದ್ದರು. 2022ರಲ್ಲಿ 49 ದಿನ ದೇಶದ ಪ್ರಧಾನಿಯೂ ಆಗಿದ್ದರು. 2024ರ ಜುಲೈ 4ರಂದು ನಡೆದ ಮತದಾನದಲ್ಲಿ ಅದೇ ಕ್ಷೇತ್ರದಲ್ಲಿ 630 ಮತಗಳಿಂದ ಸೋತರು. ಲೇಬರ್ ಪಕ್ಷದ ಟೆರಿ ಜೆರ್ಮಿ ಅವರಿಗೆ 11,847 ಮತ, ಟ್ರಸ್ ಅವರಿಗೆ 11,217, ರಿಫಾರ್ಮ್ ಯುಕೆ ಅಭ್ಯರ್ಥಿಗೆ 9,958, ಪಕ್ಷೇತರರೊಬ್ಬರಿಗೆ 6,282. ಗೆದ್ದವರಿಗೆ ಬಿದ್ದದ್ದು ಶೇ. 26.7ರಷ್ಟು ಮತ ಮಾತ್ರ. ಮತ ಹಾಕಿದ ಪ್ರತಿ ನೂರು ಜನರಲ್ಲಿ ಎಪ್ಪತ್ತಮೂರು ಜನ ಬೇರೆ ಯಾರನ್ನೋ ಬಯಸಿದ್ದರು.

ಇಂಥ ಫಲಿತಾಂಶ ಬಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಮತ ಒಡೆಯಿತು.’ ಮೂರನೆಯವನು ನಿಂತದ್ದರಿಂದ ಎರಡನೆಯವನು ಸೋತ ಎಂಬ ದೂರು. ಈ ಮಾತನ್ನು ನಾನು ಒಪ್ಪುವುದಿಲ್ಲ. ಮತದಾರರು ಮತವನ್ನು ಒಡೆಯುವುದಿಲ್ಲ, ತಮಗೆ ಬೇಕಾದವರಿಗೆ ಹಾಕುತ್ತಾರೆ. ಅದನ್ನು ತಪ್ಪೆನ್ನುವಂತೆ ಮಾಡುವುದು ಎಣಿಕೆಯ ನಿಯಮ. ಆ ನಿಯಮ ನಮಗೂ ಚೆನ್ನಾಗಿ ಗೊತ್ತು, ಏಕೆಂದರೆ ನಮ್ಮ ಲೋಕಸಭೆ, ವಿಧಾನಸಭೆಗಳಿಗೆ ಅದು ಬಂದದ್ದು ಬ್ರಿಟನ್ನಿನಿಂದಲೇ. ಒಂದು ಕ್ಷೇತ್ರ, ಒಂದೇ ಸ್ಥಾನ. ಎಲ್ಲರಿಗಿಂತ ಒಂದು ಮತ ಹೆಚ್ಚಿದ್ದರೆ ಸಾಕು, ಅರ್ಧಕ್ಕಿಂತ ಹೆಚ್ಚು ಬೇಕಿಲ್ಲ.

2024ರ ಒಟ್ಟು ಲೆಕ್ಕ ನೋಡಿ. ಲೇಬರ್ ಪಕ್ಷಕ್ಕೆ ಶೇ. 33.7 ಮತ, 650ರಲ್ಲಿ 411 ಸ್ಥಾನ. ಕನ್ಸರ್ವೇಟಿವ್ ಪಕ್ಷಕ್ಕೆ ಶೇ. 23.7, ಸ್ಥಾನ 121. ರಿಫಾರ್ಮ್ ಯುಕೆಗೆ ಶೇ. 14.3, ಸ್ಥಾನ ಕೇವಲ 5. ಲಿಬರಲ್ ಡೆಮಾಕ್ರಟರಿಗೆ ಅದಕ್ಕಿಂತ ಕಡಿಮೆ, ಶೇ. 12.2, ಆದರೆ ಸ್ಥಾನ 72! ಕನ್ಸರ್ವೇಟಿವ್, ರಿಫಾರ್ಮ್ ಎಂಬ ಬಲಪಂಥೀಯ ಪಕ್ಷಗಳೆರಡರ ಮತ ಕೂಡಿಸಿದರೆ ಶೇ. 38 ಆಗುತ್ತದೆ, ಆದ್ದರಿಂದ ಅವು ಒಂದಾಗಿದ್ದರೆ ಲೇಬರ್ ಸೋಲುತ್ತಿತ್ತು ಎಂದು ಹಲವರು ವಾದಿಸಿದರು. ಕಾಗದದ ಮೇಲೆ ಸರಿಯಾಗಿ ಕಾಣುವ ಈ ಕೂಡಿಕೆ ಮತಗಟ್ಟೆಯಲ್ಲಿ ನಿಲ್ಲುವುದಿಲ್ಲ. ರಿಫಾರ್ಮ್‌ಗೆ ಮತ ಹಾಕಿದವರಲ್ಲಿ ಎಷ್ಟೋ ಜನ ಕನ್ಸರ್ವೇಟಿವರ ಮೇಲಿನ ಸಿಟ್ಟಿನಿಂದಲೇ ಅತ್ತ ಹೋದವರು. ರಿಫಾರ್ಮ್ ಕಣದಲ್ಲಿ ಇಲ್ಲದಿದ್ದರೆ ಅವರಲ್ಲಿ ಕೆಲವರು ಮನೆಯಲ್ಲೇ ಕುಳಿತಿರುತ್ತಿದ್ದರು, ಕೆಲವರು ಬೇರೆಡೆಗೆ ತಿರುಗುತ್ತಿದ್ದರು.

ಲಿಬರಲ್ ಡೆಮಾಕ್ರಟರ ಕಥೆ ಇನ್ನೂ ಸ್ವಾರಸ್ಯದ್ದು. 2019ರಲ್ಲಿ ಅವರಿಗೆ ಶೇ. 11.5 ಮತ ಬಂದು 11 ಸ್ಥಾನ ಸಿಕ್ಕಿತ್ತು. ಐದು ವರ್ಷಗಳ ನಂತರ ಮತ ಹೆಚ್ಚಿದ್ದು ಒಂದು ಶೇಕಡಾವೂ ಅಲ್ಲ, ಸ್ಥಾನ ಮಾತ್ರ ಆರು ಪಟ್ಟು ದಾಟಿತು. ದೇಶದ ತುಂಬ ಓಡಾಡುವುದನ್ನು ಬಿಟ್ಟು, ಹೆಚ್ಚಾಗಿ ದಕ್ಷಿಣ ಇಂಗ್ಲೆಂಡಿನಲ್ಲಿ, ತಾವು ಎರಡನೆಯ ಸ್ಥಾನದಲ್ಲಿದ್ದ ಕಡೆ ಅವರು ಬೆವರು ಸುರಿಸಿದರು. ಅಂಥ ಕಡೆ ಲೇಬರ್ ಬೆಂಬಲಿಗರು ಕನ್ಸರ್ವೇಟಿವರನ್ನು ಸೋಲಿಸಲೆಂದು ತಮ್ಮ ಪಕ್ಷ ಬಿಟ್ಟು ಇವರಿಗೆ ಮತ ಹಾಕಿದರು. ರಿಫಾರ್ಮ್ ಮತಗಳು ಎಲ್ಲೆಡೆ ತೆಳ್ಳಗೆ ಹರಡಿಕೊಂಡು ಪೋಲಾದವು. ಎಷ್ಟು ಮತ ಎನ್ನುವುದಕ್ಕಿಂತ ಎಲ್ಲಿ ಮತ ಎನ್ನುವುದೇ ಅಲ್ಲಿ ದೊಡ್ಡದು.

ಲೇಬರ್ ಪಕ್ಷದ ಸ್ವಂತ ಲೆಕ್ಕವೇ ಇದಕ್ಕೆ ಸಾಕ್ಷಿ. 2017ರಲ್ಲಿ ಶೇ. 40 ಮತ ಪಡೆದು 262 ಸ್ಥಾನಗಳೊಂದಿಗೆ ವಿರೋಧ ಪಕ್ಷದಲ್ಲೇ ಉಳಿದಿತ್ತು. 2024ರಲ್ಲಿ ಅದಕ್ಕಿಂತ ಸುಮಾರು ಮೂವತ್ತು ಲಕ್ಷ ಕಡಿಮೆ ಮತ ಪಡೆದು ಭಾರಿ ಬಹುಮತದ ಸರ್ಕಾರ ರಚಿಸಿತು.

ಈ ಪದ್ಧತಿ ಒಂದೇ ಪಕ್ಷಕ್ಕೆ ಒಲಿದದ್ದಲ್ಲ ಎಂಬುದನ್ನೂ ಹೇಳಬೇಕು. 1983ರಲ್ಲಿ ಲೇಬರ್ ಶೇ. 27.6 ಮತಕ್ಕೆ 209 ಸ್ಥಾನ ಗಳಿಸಿದರೆ, ಅದರ ಬೆನ್ನಿಗೇ ಇದ್ದ ಲಿಬರಲ್–ಎಸ್‌ಡಿಪಿ (ಸೋಷಿಯಲ್ ಡೆಮಾಕ್ರಟಿಕ್ ಪಾರ್ಟಿ) ಮೈತ್ರಿಕೂಟ ಶೇ. 25.4 ಮತ ಪಡೆದೂ 23ಕ್ಕೆ ತೃಪ್ತಿಪಟ್ಟುಕೊಳ್ಳಬೇಕಾಯಿತು. ವಿರೋಧಿ ಮತಗಳು ಹೀಗೆ ಇಬ್ಭಾಗವಾದಾಗ ಕನ್ಸರ್ವೇಟಿವ್ ಪಕ್ಷದ ಮಾರ್ಗರೆಟ್ ಥ್ಯಾಚರ್ 397 ಸ್ಥಾನಗಳೊಂದಿಗೆ ಮರಳಿದರು. 2015ರಲ್ಲಿ, ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬರಬೇಕೆನ್ನುತ್ತಿದ್ದ ಯುಕಿಪ್ ಪಕ್ಷಕ್ಕೆ ಸುಮಾರು 39 ಲಕ್ಷ ಮತ, ಸ್ಥಾನ ಒಂದೇ. ಅದೇ ಚುನಾವಣೆಯಲ್ಲಿ ಸ್ಕಾಟಿಷ್ ನ್ಯಾಷನಲ್ ಪಾರ್ಟಿ ಸ್ಕಾಟ್ಲೆಂಡಿನ ಅರ್ಧದಷ್ಟು ಮತಕ್ಕೆ ಅಲ್ಲಿನ 59ರಲ್ಲಿ 56 ಸ್ಥಾನಗಳನ್ನು ಬಾಚಿಕೊಂಡಿತು. 2024ರಲ್ಲಿ ಅದೇ ನಿಯಮ ಆ ಪಕ್ಷವನ್ನು 9ಕ್ಕೆ ಇಳಿಸಿತು.

ಕೆಲವೊಮ್ಮೆ ಹೆಚ್ಚು ಮತ ಪಡೆದ ಪಕ್ಷವೇ ಹಿಂದೆ ಬೀಳುತ್ತದೆ. 1951ರಲ್ಲಿ ಆಟ್ಲಿಯವರ ಲೇಬರ್ ಪಕ್ಷಕ್ಕೆ ಹೆಚ್ಚು ಮತ ಬಂದರೂ ಪ್ರಧಾನಿಯಾದವರು ಕನ್ಸರ್ವೇಟಿವ್ ಪಕ್ಷದ ಚರ್ಚಿಲ್. 1974ರ ಫೆಬ್ರವರಿಯಲ್ಲಿ ಹೆಚ್ಚು ಮತ ಹೀತ್ ಅವರ ಕನ್ಸರ್ವೇಟಿವ್ ಪಕ್ಷಕ್ಕೆ, ಅಧಿಕಾರ ಲೇಬರ್ ಪಕ್ಷದ ವಿಲ್ಸನ್ ಅವರಿಗೆ. ನಮ್ಮ 2018ರ ವಿಧಾನಸಭಾ ಚುನಾವಣೆ ನಿಮಗೆ ನೆನಪಿರಬಹುದು. ಕಾಂಗ್ರೆಸ್ಸಿಗೆ ಸುಮಾರು ಶೇ. 38, ಬಿಜೆಪಿಗೆ ಸುಮಾರು ಶೇ. 36 ಮತ, ಆದರೆ 104 ಸ್ಥಾನಗಳೊಂದಿಗೆ ಅತಿ ದೊಡ್ಡ ಪಕ್ಷವಾದದ್ದು ಬಿಜೆಪಿ.

ನನಗೆ ಹೆಚ್ಚು ನೋವಾಗುವುದು ಈ ನಿಯಮ ಮತದಾರರ ಮೇಲೆ ಹೊರಿಸುವ ಹೊರೆಯಿಂದ. ಲಂಡನ್ನಿನ ಕೆನ್ಸಿಂಗ್ಟನ್ ಕ್ಷೇತ್ರವನ್ನು ಲೇಬರ್ 2017ರಲ್ಲಿ 20 ಮತಗಳಿಂದ ಗೆದ್ದಿತ್ತು. 2019ರಲ್ಲಿ 150 ಮತಗಳಿಂದ ಕಳೆದುಕೊಂಡಿತು. ಅಂದು ಅಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನ ಲಿಬರಲ್ ಡೆಮಾಕ್ರಟ್ ಅಭ್ಯರ್ಥಿಗೆ ಮತ ಹಾಕಿದ್ದರು. ಕನ್ಸರ್ವೇಟಿವರನ್ನು ಗೆಲ್ಲಿಸಿದ್ದು ನೀವೇ ಎಂಬ ಆರೋಪವನ್ನು ಅವರೇಕೆ ಹೊರಬೇಕು? ಮೆಚ್ಚಿದವರಿಗೆ ಮತ ಹಾಕಿದರೆ ಮೆಚ್ಚದವರು ಗೆಲ್ಲಬಹುದೆಂಬ ಭಯದಲ್ಲಿ ಪ್ರಜೆ ಮತಗಟ್ಟೆಗೆ ಹೋಗುವಂತಾಗಬಾರದು.

ಅದೇ 2019ರಲ್ಲಿ, ಕನ್ಸರ್ವೇಟಿವರು ಹಿಂದಿನ ಬಾರಿ ಗೆದ್ದಿದ್ದ 317 ಕ್ಷೇತ್ರಗಳಲ್ಲಿ ಮತ ಒಡೆಯಬಾರದೆಂದು ಬ್ರೆಕ್ಸಿಟ್ ಪಾರ್ಟಿ ಎಂಬ ಪಕ್ಷ ಕಣಕ್ಕೇ ಇಳಿಯಲಿಲ್ಲ. ಅಲ್ಲಿನ ಜನರ ಮತಪತ್ರದಿಂದ ಒಂದು ಆಯ್ಕೆ, ಅವರನ್ನು ಕೇಳದೆಯೇ, ಮಾಯವಾಯಿತು.

ಸ್ಥಿರ ಸರ್ಕಾರ ಸಿಗುತ್ತದೆ ಎಂಬುದು ಈ ಪದ್ಧತಿಯ ಪರವಾಗಿ ಸದಾ ಕೇಳಿಬರುವ ವಾದ. 2010 ಮತ್ತು 2017ರಲ್ಲಿ ಯಾರಿಗೂ ಬಹುಮತ ಬರಲಿಲ್ಲ. 2019ರಲ್ಲಿ ದೊಡ್ಡ ಬಹುಮತವೇ ಬಂತು, ಆದರೂ ಒಂದೇ ಅವಧಿಯಲ್ಲಿ ಜಾನ್ಸನ್, ಟ್ರಸ್, ಸುನಕ್ ಎಂದು ಮೂವರು ಪ್ರಧಾನಿಗಳಾದರು. ಸಂಸದರಿಗೂ ಅವರ ಕ್ಷೇತ್ರಕ್ಕೂ ಇರುವ ನೇರ ನಂಟು ಉಳಿಯಬೇಕೆಂಬ ವಾದಕ್ಕೆ ಮಾತ್ರ ನಾನು ಬೆಲೆ ಕೊಡುತ್ತೇನೆ.

ಆದರೆ ಆ ನಂಟನ್ನು ಉಳಿಸಿಕೊಂಡೇ ಮತಕ್ಕೆ ತಕ್ಕ ಸ್ಥಾನ ಕೊಡುವ ಮಿಶ್ರ ಪದ್ಧತಿ ಸ್ಕಾಟ್ಲೆಂಡಿನ ಸಂಸತ್ತಿನಲ್ಲಿ 1999ರಿಂದ ನಡೆದುಬಂದಿದೆ. ಉತ್ತರ ಐರ್ಲೆಂಡಿನ ಶಾಸನಸಭೆಗೆ ಜನ ಅಭ್ಯರ್ಥಿಗಳನ್ನು 1, 2, 3 ಎಂದು ಕ್ರಮವಾಗಿ ಗುರುತಿಸುತ್ತಾರೆ. ಬ್ರಿಟನ್ ಸಂಸತ್ತಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ಗೂ ಹೀಗೆ ಕ್ರಮಾಂಕ ಹಾಕುವ ಆದ್ಯತಾ ಮತ ಬೇಕೇ ಎಂದು 2011ರಲ್ಲಿ ಜನಮತಗಣನೆ ನಡೆದಾಗ ಶೇ. 67.9 ಜನ ಬೇಡವೆಂದರು. ಆ ತೀರ್ಪು ಜನರದ್ದು, ಗೌರವಿಸೋಣ. ಲಂಡನ್ ಮೇಯರ್ ಚುನಾವಣೆಯ ಸಂಗತಿ ಬೇರೆ. ಅಲ್ಲಿ 2000ದಿಂದ 2021ರವರೆಗೆ ಮತದಾರರು ಮೊದಲ ಆಯ್ಕೆಯ ಜೊತೆಗೆ ಎರಡನೆಯದನ್ನೂ ಗುರುತಿಸುತ್ತಿದ್ದರು. ಆ ಹಕ್ಕನ್ನು 2022ರ ಚುನಾವಣಾ ಕಾಯ್ದೆ ಕಿತ್ತುಕೊಂಡಿತು, ಯಾವ ಜನಮತಗಣನೆಯೂ ಇಲ್ಲದೆ.