ಮೊದಲು ಯೋನನ ಕಥೆ ತೆಗೆದು ನೋಡಿ

ಎಲ್ಲರಿಗೂ ನಮಸ್ಕಾರ. ನಾನು ಪಂಡಿತಳಲ್ಲ. 20 ವರ್ಷದಿಂದ ಮಕ್ಕಳನ್ನು ಕೂರಿಸಿಕೊಂಡು ಬೈಬಲ್ ಕಥೆ ಹೇಳುತ್ತಾ ಬಂದಿದ್ದೇನೆ, ಅಷ್ಟೇ ನನ್ನ ಅರ್ಹತೆ. ಇನ್ನೊಂದು ಅರ್ಹತೆಯೂ ಇದೆ ಅನ್ನಿ. ಆಸೆಯಿಂದ ಕೊಂಡು ಆಮೇಲೆ ಕೈ ಹಿಸುಕಿಕೊಂಡ ಮಕ್ಕಳ ಬೈಬಲ್ ಕಥೆ ಪುಸ್ತಕಗಳೇ ನನ್ನ ಹತ್ತಿರ ಒಂದು ಕಪಾಟು ತುಂಬ ಇವೆ. ಅಂಥ ಪುಸ್ತಕ ಆರಿಸುವುದು ಹೇಗೆ ಅನ್ನುವ ಇವತ್ತಿನ ಮಾತು ಜಾಸ್ತಿ ಆ ಕಪಾಟಿನ ಬಗ್ಗೆಯೇ.

ಮೊದಲ ತಪ್ಪು ನೋಹನದು. ಅಂದರೆ ನೋಹನದಲ್ಲ, ನನ್ನದು. ರಟ್ಟಿನ ಮೇಲೆ ದುಂಡನೆಯ ಹಡಗು, ಕಿಟಕಿಯಿಂದ ಕತ್ತು ಚಾಚಿದ ಜಿರಾಫೆ, ನಗುತ್ತಾ ಕೈ ಬೀಸುವ ನೋಹ, ಹಿಂದೆ ಕಾಮನಬಿಲ್ಲು. ನೋಡಿದ ಕೂಡಲೇ ಕೊಂಡುಬಿಟ್ಟೆ. ಮೊಮ್ಮಗಳಿಗೆ ಆಗ ಐದು ವರ್ಷ. ಕಥೆ ಮುಗಿಯಿತು. ಅವಳು ಚಿತ್ರವನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ ಕೇಳಿದಳು, "ಅಜ್ಜಿ, ಬೇರೆ ಮನೆ ಮಕ್ಕಳು ಹಡಗು ಹತ್ತಲಿಲ್ವಾ?" ನಾನು ಪುಟ ತಿರುವಿದೆ. ಇನ್ನೊಂದು ತಿರುವಿದೆ. ಆ ಪುಸ್ತಕದಲ್ಲಿ ಬೇರೆ ಮನೆಯೇ ಇರಲಿಲ್ಲ. ಮಳೆಯೂ ಹೆಸರಿಗೆ ನಾಲ್ಕು ನೀಲಿ ಗೆರೆ.

ಮಗು ಕೇಳಿದ್ದು ಸರಿಯಾಗಿಯೇ ಇತ್ತು, ಅಲ್ವಾ? ಬೈಬಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿ ಇದು ಮೃಗಾಲಯದ ಕಥೆಯಲ್ಲ. ನೋಹನ ಮನೆಯವರು, ಹಡಗಿನ ಪ್ರಾಣಿಗಳು ಬಿಟ್ಟು ಮಿಕ್ಕವರೆಲ್ಲ ಮುಳುಗಿದ ಪ್ರಳಯದ ಕಥೆ. 40 ಹಗಲು, 40 ರಾತ್ರಿ ಮಳೆ. ಎಲ್ಲರೂ ಒಳಗೆ ಬಂದ ಮೇಲೆ ದೇವರೇ ಬಾಗಿಲು ಮುಚ್ಚಿದ ಅನ್ನುವ ಒಂದು ಮಾತಿದೆ. ನನಗೆ ಪ್ರತಿ ಸಲ ಅಲ್ಲಿ ಸ್ವಲ್ಪ ಗಂಟಲು ಕಟ್ಟುತ್ತದೆ. ಹಾಗಂತ ಐದು ವರ್ಷದ ಮಗುವಿಗೆ ಹೆಣಗಳನ್ನು ತೋರಿಸಿ ಅಂತ ನಾನು ಹೇಳುತ್ತಿಲ್ಲ. ಫ್ರಾನ್ಸಿನ ಗುಸ್ತಾವ್ ಡೋರೆ 1866ರಲ್ಲಿ ಬಂದ ಬೈಬಲ್ ಚಿತ್ರಗಳಲ್ಲಿ ಜಲಪ್ರಳಯವನ್ನು ಬರೆದಿದ್ದಾನೆ. ನೀರಿನ ಮಧ್ಯೆ ಒಂದೇ ಒಂದು ಬಂಡೆ. ಅದರ ಮೇಲೆ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡ ಹುಲಿ. ಮುಳುಗುತ್ತಿರುವ ಅಪ್ಪ ಅಮ್ಮ ಮಕ್ಕಳನ್ನು ಅದೇ ಬಂಡೆಗೆ ಹತ್ತಿಸುತ್ತಿದ್ದಾರೆ. ಹನ್ನೆರಡು ವರ್ಷದ ಹುಡುಗನಿಗೆ ನಾನು ಧೈರ್ಯವಾಗಿ ಕೊಡುತ್ತೇನೆ, ಐದು ವರ್ಷದವಳಿಗೆ ಕೊಡುವುದಿಲ್ಲ. ಐದು ವರ್ಷದವಳಿಗೆ ಮುಚ್ಚಿದ ಬಾಗಿಲು, ಕಪ್ಪು ಮೋಡ, ನಗು ಇಲ್ಲದ ನೋಹನ ಮುಖ ಸಾಕು. ಅವಳ ಪ್ರಶ್ನೆಗೆ ಅಷ್ಟಾದರೂ ಜಾಗ ಬೇಕು.

ಅವತ್ತಿನಿಂದ ನಾನು ರಟ್ಟು ನೋಡುವುದನ್ನು ಬಿಟ್ಟೆ. ಈಗ ಪುಸ್ತಕ ಕೈಗೆ ಬಂದರೆ ಮೊದಲು ಯೋನನ ಕಥೆ ತೆಗೆಯುತ್ತೇನೆ. ನಿನೆವೆ ಅನ್ನುವ ಶತ್ರುಗಳ ಊರಿಗೆ ಹೋಗಿ ಎಚ್ಚರಿಸು ಅಂತ ದೇವರು ಹೇಳಿದರೆ ಹಡಗು ಹತ್ತಿ ಓಡಿಹೋಗಿ, ಸಮುದ್ರಕ್ಕೆ ಬಿದ್ದು, ಮೀನಿನ ಹೊಟ್ಟೆ ಸೇರಿದ ಪ್ರವಾದಿ ಅವನು. ಯಾಕೆ ಯೋನ ಅಂದರೆ, ಬೈಬಲಿನಲ್ಲಿ ಅದು ಪುಟ್ಟ ಪುಸ್ತಕ. ನಾಲ್ಕೇ ಅಧ್ಯಾಯ, 48 ವಚನ. ಅದರಲ್ಲಿ ಮೀನು ಬರುವುದು ಮೂರು ವಚನದಲ್ಲಿ. ಮಕ್ಕಳ ಪುಸ್ತಕದಲ್ಲಿ ಮಾತ್ರ ಮೀನೇ ಹೀರೋ. ಹೊಟ್ಟೆಯೊಳಗೆ ದೀಪ ಹಚ್ಚಿಕೊಂಡು ಕೂತ ಯೋನನನ್ನೂ ನೋಡಿದ್ದೇನೆ! ಮೀನು ಅವನನ್ನು ದಡಕ್ಕೆ ಕಾರುತ್ತದೆ, ಅವನು ನಿನೆವೆಗೆ ಹೋಗುತ್ತಾನೆ, ಊರಿನವರು ಬದಲಾಗುತ್ತಾರೆ, ಶುಭಂ. ಬಹಳ ಪುಸ್ತಕಗಳು ಅಲ್ಲಿಗೇ ಅಂಗಡಿ ಮುಚ್ಚುತ್ತವೆ.

ಆದರೆ ನಿಜವಾದ ಕಥೆ ಇರುವುದು ನಾಲ್ಕನೇ ಅಧ್ಯಾಯದಲ್ಲಿ. ಯೋನನಿಗೆ ಕೋಪ ಬಂದಿದೆ. ಶತ್ರುಗಳ ಊರು ಉಳಿದುಬಿಟ್ಟಿತಲ್ಲ ಅಂತ. ಊರಾಚೆ ಹೋಗಿ ಮುಖ ಊದಿಸಿಕೊಂಡು ಕೂರುತ್ತಾನೆ. ದೇವರು ಒಂದು ಗಿಡ ಬೆಳೆಸಿ ನೆರಳು ಕೊಡುತ್ತಾನೆ. ಯೋನನಿಗೆ ಖುಷಿಯೋ ಖುಷಿ. ಬೆಳಗಾದರೆ ಒಂದು ಹುಳ ಆ ಗಿಡವನ್ನು ಹೊಡೆಯುತ್ತದೆ, ಗಿಡ ಒಣಗುತ್ತದೆ. ಯೋನ ಸಾಯ್ತೀನಿ ಅಂತ ಹಟ ಹಿಡಿಯುತ್ತಾನೆ. ಆಗ ದೇವರು ಕೇಳುತ್ತಾನೆ: ನೀನು ನೆಡದ, ನೀನು ಬೆಳೆಸದ ಗಿಡಕ್ಕೆ ಇಷ್ಟು ಮರುಗುತ್ತೀಯಲ್ಲ, ಬಲಗೈ ಎಡಗೈ ಗೊತ್ತಿಲ್ಲದ 1,20,000ಕ್ಕಿಂತ ಜಾಸ್ತಿ ಜನ ಇರುವ ಈ ಊರಿಗೆ ನಾನು ಮರುಗಬಾರದಾ? ದನಕರುಗಳೂ ಬಹಳ ಇವೆಯಲ್ಲ? ಪುಸ್ತಕ ಅಲ್ಲಿಗೆ ನಿಲ್ಲುತ್ತದೆ, ಪ್ರಶ್ನೆಯಲ್ಲೇ. ದೊಡ್ಡವನೊಬ್ಬ ಮಕ್ಕಳ ಹಾಗೆ ಮುಖ ಊದಿಸಿಕೊಂಡು ಕೂತಿರುವ ಚಿತ್ರ ಮಕ್ಕಳಿಗೆ ಎಷ್ಟು ಇಷ್ಟವಾಗುತ್ತದೆ ಗೊತ್ತಾ? ದೇವರು ಕೊನೆಗೆ ದನಕರುಗಳ ಲೆಕ್ಕವನ್ನೂ ಹಿಡಿದ ಅಂದರೆ ಇನ್ನೂ ಇಷ್ಟ. ಇದನ್ನು ಬಿಟ್ಟು ಮೀನಿನ ಹೊಟ್ಟೆ ಬರೆದವರಿಗೆ ಕಥೆ ಗೊತ್ತಿಲ್ಲ, ಅಥವಾ ಮಕ್ಕಳು ಗೊತ್ತಿಲ್ಲ.

ಇನ್ನು ಚಿತ್ರ. ಕ್ರಿಸ್ತಶಕ 600ರ ಹೊತ್ತಿಗೆ ಫ್ರಾನ್ಸಿನ ಮಾರ್ಸೇಯ ಬಿಷಪರೊಬ್ಬರು ಚರ್ಚಿನ ಚಿತ್ರಗಳನ್ನು ಒಡೆಸಿಬಿಟ್ಟರು. ಜನ ಅವಕ್ಕೆ ಪೂಜೆ ಮಾಡುತ್ತಾರೆ ಅಂತ. ಪೋಪ್ ಮೊದಲನೇ ಗ್ರೆಗೊರಿ ಅವರಿಗೆ ಕಾಗದ ಬರೆದರು. ಪೂಜೆ ಬೇಡ, ಸರಿ, ಆದರೆ ಓದು ಬಾರದವರಿಗೆ ಚಿತ್ರವೇ ಅಕ್ಷರ, ಒಡೆಯಬೇಡಿ ಅನ್ನುವುದು ಅದರ ಸಾರ. ನಾಲ್ಕು ವರ್ಷದ ಮಗುವಿನ ಸ್ಥಿತಿಯೂ ಅದೇ. ನೀವು ಸಾಲು ಓದುತ್ತಿರುವಾಗ ಅದು ಚಿತ್ರ ಓದುತ್ತಿರುತ್ತದೆ. ಹಾಗಾಗಿ ಕೊಳ್ಳುವ ಮೊದಲು ಬರಹವನ್ನು ಅಂಗೈಯಿಂದ ಮುಚ್ಚಿ, ಚಿತ್ರ ಮಾತ್ರ ನೋಡಿ. ಏನಾಗುತ್ತಿದೆ ಅಂತ ತಿಳಿಯುತ್ತದಾ? ಇಲ್ಲ ಸುಮ್ನೆ ಗಡ್ಡದವರು ಸಾಲಾಗಿ ನಿಂತಿದ್ದಾರಾ?

ಚಿತ್ರಕಾರ ಮೂಲ ಓದಿದ್ದಾನೋ ಇಲ್ಲವೋ ಅನ್ನುವುದನ್ನು ಕಂಡುಹಿಡಿಯುವುದು ಸುಲಭ. ಆದಾಮ ಹವ್ವರ ಏದೆನ್ ತೋಟದಲ್ಲಿ ಸೇಬು ಇದೆಯಾ ನೋಡಿ. ಆದಿಕಾಂಡ ಹಣ್ಣು ಅನ್ನುತ್ತದೆ ಅಷ್ಟೇ, ಸೇಬು ಅನ್ನುವುದಿಲ್ಲ. ಮಗು ಯೇಸುವನ್ನು ನೋಡಲು ಬಂದ ಮೂಡಣ ದೇಶದ ಜೋಯಿಸರು ಎಷ್ಟು ಜನ ಅಂತ ಯೇಸುವಿನ ಕಥೆ ಬರೆದ ಮತ್ತಾಯ ಹೇಳಿಲ್ಲ. ಚಿನ್ನ, ಧೂಪ, ರಕ್ತಬೋಳ ಅಂತ ಕಾಣಿಕೆ ಮೂರು, ಅದಕ್ಕೆ ಜನರೂ ಮೂರಾದರು. ಅವರು ಬಂದದ್ದೂ ಮನೆಗೆ. ಗೋದಲಿಯ ಹತ್ತಿರ ಬಂದ ಕುರುಬರು ಯೇಸುವಿನ ಕಥೆ ಬರೆದ ಇನ್ನೊಬ್ಬ, ಲೂಕನ ಕಥೆಯವರು. ಎಲ್ಲರನ್ನೂ ಒಂದೇ ರಾತ್ರಿ ಒಂದೇ ಕೊಟ್ಟಿಗೆಗೆ ತುಂಬಿಸಿದವರು ನಾವು. ನನಗೆ ಬಹಳ ಇಷ್ಟವಾದದ್ದು ದಾನಿಯೇಲನ ಲೆಕ್ಕ. ಹುಡುಗನಾಗಿದ್ದಾಗ ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆ ಹೋದವನು. ಸಿಂಹದ ಗವಿಗೆ ಬಿದ್ದದ್ದು ಬಾಬೆಲು ಸೋತ ಮೇಲೆ, ಅಂದರೆ ಕ್ರಿಸ್ತಪೂರ್ವ 539ರ ನಂತರ. ಅಷ್ಟು ಹೊತ್ತಿಗೆ ಅವನಿಗೆ 80ರ ಆಸುಪಾಸು. ಪುಸ್ತಕಗಳಲ್ಲಿ ಮಾತ್ರ ಇನ್ನೂ ಮೀಸೆ ಚಿಗುರದ ಹುಡುಗ. ಸಿಂಹಗಳ ಮಧ್ಯೆ ಬಿಳಿ ಗಡ್ಡದ ತಾತ ಕೂತಿರುವ ಚಿತ್ರ ಸಿಕ್ಕರೆ ಆ ಪುಸ್ತಕವನ್ನು ಬಿಡಬೇಡಿ. ಮಿಕ್ಕ ಸೇಬು, ಜೋಯಿಸರ ತಪ್ಪುಗಳಿಗೆ ನಾನು ಪುಸ್ತಕ ವಾಪಸ್ ಇಡುವುದಿಲ್ಲ. ಮಕ್ಕಳ ಜೊತೆ ತಪ್ಪು ಹುಡುಕುವ ಆಟ ಆಡಬಹುದು.

ವಾಪಸ್ ಇಡುವುದು ಬೇರೆ ಒಂದು ಕಾರಣಕ್ಕೆ. ಈ ಕಥೆಗಳಲ್ಲಿ ಬರುವವರೆಲ್ಲ ಹೆಚ್ಚುಕಡಿಮೆ ಯೆಹೂದ್ಯರೇ. ಯೇಸು, ತಾಯಿ ಮರಿಯ, ಶಿಷ್ಯ ಪೇತ್ರ, ಯೇಸುವಿನ ಜೊತೆ ವಾದಕ್ಕಿಳಿದ ಫರಿಸಾಯರು, ಅವನನ್ನು ಹಿಡಿದುಕೊಟ್ಟ ಯೂದ, ಎಲ್ಲರೂ ಒಂದೇ ಬಿಸಿಲಿನಲ್ಲಿ ಬೆಳೆದವರು. ಆದರೆ ಕೆಲವು ಚಿತ್ರಗಳಲ್ಲಿ ಯೇಸುವಿಗೆ ನೀಲಿ ಕಣ್ಣು, ಹೊಂಬಣ್ಣದ ಕೂದಲು. ಯೂದನಿಗೂ ಫರಿಸಾಯರಿಗೂ ಮಾತ್ರ ಕೊಕ್ಕೆ ಮೂಗು, ಕಪ್ಪು ಮುಖ. ಇದು ಯುರೋಪಿನಲ್ಲಿ ಯೆಹೂದ್ಯರನ್ನು ಹೀಯಾಳಿಸಲು ನೂರಾರು ವರ್ಷ ಬಳಸಿದ ಚಿತ್ರಭಾಷೆ. ಬರಹದಲ್ಲಿ ಒಂದು ಕೆಟ್ಟ ಮಾತೂ ಇರುವುದಿಲ್ಲ. ಆದರೂ ಕಪ್ಪಗಿರುವವರು ಕೆಟ್ಟವರು ಅನ್ನುವ ಪಾಠ ಮಗುವಿನ ಒಳಗೆ ಇಳಿದಿರುತ್ತದೆ. ಅಂಥ ಪುಸ್ತಕವನ್ನು ಪುಕ್ಕಟೆ ಕೊಟ್ಟರೂ ತಗೋಬೇಡಿ.

ಬರಹಕ್ಕೆ ಬಂದರೆ ನನಗೆ ಭಯ ಹುಟ್ಟಿಸುವ ಪದ "ಆದ್ದರಿಂದ ಮಕ್ಕಳೇ". ಯೋಸೇಫನನ್ನು ಅಣ್ಣಂದಿರು 20 ಬೆಳ್ಳಿ ನಾಣ್ಯಕ್ಕೆ ಮಾರಿದರು. ಅಪ್ಪ ಒಬ್ಬನಿಗೇ ಚೆಂದದ ಅಂಗಿ ಕೊಟ್ಟ, ಆ ಹುಡುಗ ಕನಸು ಹೇಳಿಕೊಂಡು ಜಂಬಪಟ್ಟ, ಅಣ್ಣಂದಿರ ಹೊಟ್ಟೆ ಉರಿಯಿತು. ಯಾರದು ತಪ್ಪು? ಮಕ್ಕಳು ಅರ್ಧ ಗಂಟೆ ಜಗಳ ಆಡುತ್ತಾರೆ. ಅಂಥ ಕಥೆಯ ಕೆಳಗೆ ಬಣ್ಣದ ಚೌಕ ಹಾಕಿ "ಆದ್ದರಿಂದ ಮಕ್ಕಳೇ, ಹೊಟ್ಟೆಕಿಚ್ಚು ಪಡಬಾರದು" ಅಂತ ಬರೆದರೆ ಜಗಳವೂ ಹೋಯಿತು, ಕಥೆಯೂ ಹೋಯಿತು.

ಪರಿವಿಡಿಯನ್ನೂ ಒಮ್ಮೆ ಬೆರಳಿಟ್ಟು ಓದಿ. ಹೆಂಗಸರು ಎಷ್ಟು ಜನ? ಹವ್ವ, ಮರಿಯ ಬಿಟ್ಟು ರೂತ್, ಎಸ್ತೇರ್, ದೆಬೋರ ಇದ್ದಾರಾ? ಮಕ್ಕಳು ಇದ್ದಾರಾ? ಯೇಸು 5,000 ಜನಕ್ಕೆ ಊಟ ಹಾಕಿದ ಕಥೆ ನಾಲ್ಕೂ ಸುವಾರ್ತೆಗಳಲ್ಲಿ, ಅಂದರೆ ಯೇಸುವಿನ ಜೀವನ ಹೇಳುವ ನಾಲ್ಕೂ ಪುಸ್ತಕಗಳಲ್ಲಿ ಇದೆ. ಐದು ರೊಟ್ಟಿ, ಎರಡು ಮೀನು ಇಟ್ಟುಕೊಂಡಿದ್ದ ಹುಡುಗನನ್ನು ಗಮನಿಸಿದವನು ಯೋಹಾನ ಒಬ್ಬನೇ. ನಾಮಾನನ ಮನೆಯಲ್ಲಿ ಸೆರೆಯಾಳಾಗಿದ್ದ ಪುಟ್ಟ ಹುಡುಗಿ ಒಬ್ಬಳಿದ್ದಾಳೆ. ಸೇನಾಪತಿಯ ರೋಗಕ್ಕೆ ದಾರಿ ತೋರಿಸಿದವಳೇ ಅವಳು, ಆದರೂ ಹೆಸರಿಲ್ಲ. ನಾನಂತೂ ಅವಳನ್ನು ಹುಡುಕುತ್ತೇನೆ. ಕಥೋಲಿಕರ ಬೈಬಲಿನಲ್ಲಿ 73 ಪುಸ್ತಕ, ಪ್ರೊಟೆಸ್ಟೆಂಟರದ್ದರಲ್ಲಿ 66. ಹಾಗಾಗಿ ಕಥೋಲಿಕ ಪುಸ್ತಕವಾದರೆ ತೊಬಿಯಾಸನೂ ಅವನ ಹಿಂದೆ ಹೊರಟ ನಾಯಿಯೂ ಸಿಗಬಹುದು. ಆ ನಾಯಿಗಾಗಿಯೇ ಮಕ್ಕಳು ಆ ಕಥೆ ಮತ್ತೆ ಮತ್ತೆ ಕೇಳುತ್ತಾರೆ.

ವಯಸ್ಸಿನ ಬಗ್ಗೆ ಒಂದೆರಡು ಮಾತು. ಮೂರು ವರ್ಷದೊಳಗೆ ದಪ್ಪ ರಟ್ಟಿನ ಪುಟ, ಹತ್ತು ಕಥೆ ಸಾಕು. ಅಬ್ರಹಾಮ ಮಗ ಇಸಾಕನ ಮೇಲೆ ಕತ್ತಿ ಎತ್ತಿದ ಕಥೆಯನ್ನು ನಾನು ಎಂಟು ವರ್ಷದ ಮೊದಲು ಹೇಳುವುದಿಲ್ಲ. ಮಲಗುವ ಹೊತ್ತಿನಲ್ಲಂತೂ ಯಾವತ್ತೂ ಇಲ್ಲ. ಶಿಲುಬೆಯನ್ನು ಬಿಟ್ಟು ನೇರ ಈಸ್ಟರ್‌ಗೆ ಹಾರುವ ಪುಸ್ತಕ ಯಾವ ವಯಸ್ಸಿಗೂ ಬೇಡ, ಯೇಸು ಸತ್ತದ್ದೇ ಹೇಳದೆ ಎದ್ದದ್ದು ಹೇಗೆ ಹೇಳುತ್ತೀರಿ? ಹೊಲಿಗೆಯ ಬೈಂಡಿಂಗ್ ಇರಲಿ. ಬರೀ ಅಂಟಿನದ್ದಾದರೆ ವರ್ಷದೊಳಗೆ ಹಾಳೆ ಕಿತ್ತು ಬರಬಹುದು, ಅದೂ ಮಗು ಜಾಸ್ತಿ ಇಷ್ಟಪಟ್ಟ ಕಥೆಯದ್ದೇ.

ಕಡೆಗೆ ಒಂದು ಪುಟವನ್ನು ಅಲ್ಲೇ ನಿಂತು ಜೋರಾಗಿ ಓದಿ. ನಾಚಿಕೆ ಬೇಡ. ಎರಡು ಸಲ ಉಸಿರು ಕಟ್ಟಿದರೆ ಆ ಬರಹ ಕಣ್ಣಿಗೆ ಬರೆದದ್ದು, ಕಿವಿಗಲ್ಲ.

ಹೊರಗೆ ಮೇಜಿನ ಮೇಲೆ ನನ್ನ ಕಪಾಟಿನಿಂದ 12 ಪುಸ್ತಕ ತಂದಿಟ್ಟಿದ್ದೇನೆ. ಯೋನ ಎಲ್ಲದರಲ್ಲೂ ಇದ್ದಾನೆ. ಗಿಡ ಮತ್ತು ಹುಳ ಇರುವುದು ಎರಡರಲ್ಲಿ ಮಾತ್ರ. ಯಾವೆರಡು ಅಂತ ಹೇಳುವುದಿಲ್ಲ, ನೀವೇ ತೆಗೆದು ನೋಡಿ.