ಮುವಾನ್ ಕೊಟ್ಟ ಅರ್ಜಿ

ಕೇಳುಗರಿಗೆ ನಮಸ್ಕಾರ.

1865ರಲ್ಲಿ ಬ್ಯಾಂಕಾಕ್ ಪಕ್ಕದ ನೊಂಥಬುರಿಯ ಮುವಾನ್ ಎಂಬ ಯುವತಿ ಸಯಾಮಿನ (ಇಂದಿನ ಥಾಯ್ಲೆಂಡ್) ದೊರೆ ಮೊಂಗ್‌ಕುಟ್‌ನಿಗೆ ಅರ್ಜಿ ಸಲ್ಲಿಸಿದಳು. ಆಕೆ ಮೆಚ್ಚಿದ್ದು ರಿತ್ ಎಂಬವನನ್ನು. ಹೆತ್ತವರು ಒಪ್ಪಿಸಿದ್ದು ಫೂ ಎಂಬವನಿಗೆ. ಬಲವಂತವಾಗಿ ಎಳೆದೊಯ್ದರೂ ಅವಳು ಫೂನ ಮನೆಯೊಳಗೆ ಕಾಲಿಡಲಿಲ್ಲ. ಬೆಳಗಾದ ಮೇಲೆ ತವರಿಗೆ ವಾಪಸಾದಳು. ಅಲ್ಲಿ ಏಟು ಬಿತ್ತು. ಕೊನೆಗೆ ರಿತ್‌ನೊಂದಿಗೆ ಓಡಿಹೋದಳು, ಫೂ ದಾವೆ ಹೂಡಿದ, ಅವಳು ಸೆರೆಯಾದಳು.

ಹೆತ್ತವರು ಮಕ್ಕಳನ್ನು ದನಕರುಗಳಂತೆ ಮಾರುವ ಒಡೆಯರಲ್ಲ ಎಂದ ದೊರೆ, ಪ್ರಾಯಕ್ಕೆ ಬಂದವಳು ಗಂಡನನ್ನು ತಾನೇ ಆರಿಸಿಕೊಳ್ಳಬಹುದೆಂದು ತೀರ್ಪಿತ್ತ. ಆದರೆ ಉನ್ನತ ಅಧಿಕಾರಿಗಳ ಮನೆತನದ ಹೆಣ್ಣುಮಕ್ಕಳಿಗೆ ಇದು ಅನ್ವಯಿಸಲಿಲ್ಲ. ಕುಲಗೌರವದ ಪ್ರಶ್ನೆಯಂತೆ! ರೈತನ ಮಗಳಿಗೆ ಸಿಕ್ಕಿದ್ದು ಶ್ರೀಮಂತನ ಮಗಳಿಗೆ ಸಿಗಲಿಲ್ಲ. ಕೆಲವೇ ವರ್ಷಗಳಲ್ಲಿ, ಹೆಂಡತಿಯನ್ನು ಅವಳ ಒಪ್ಪಿಗೆಯಿಲ್ಲದೆ ಮಾರುವುದಕ್ಕೂ ಮೊಂಗ್‌ಕುಟ್ ತಡೆ ಹಾಕಿದ.

ಸೋಜಿಗವೆಂದರೆ, ಆ ನಾಡಿನ ಸಂತೆ ನಡೆಸುತ್ತಿದ್ದವರೇ ಹೆಂಗಸರು. ಗಂಡಸರು ವರ್ಷಕ್ಕೆ ಹಲವು ತಿಂಗಳು ರಾಜನ ಬಿಟ್ಟಿ ಚಾಕರಿಗೆ ಹೋದಾಗ ಗದ್ದೆ, ವ್ಯಾಪಾರ ಎರಡೂ ಇವರ ಪಾಲಿಗೆ. ದುಡಿಮೆ ಇವಳದು, ಯಜಮಾನಿಕೆ ಅವನದು; ಈ ಲೆಕ್ಕಾಚಾರ ನಮಗೂ ಹೊಸತೇನಲ್ಲ.

1932ರ ಕ್ರಾಂತಿ ನಿರಂಕುಶ ಅರಸೊತ್ತಿಗೆಯನ್ನು ಕೊನೆಗೊಳಿಸಿತು. ಮರುವರ್ಷದ ಮೊದಲ ಚುನಾವಣೆಯಲ್ಲೇ ಗಂಡಸರ ಜೊತೆಗೆ ಹೆಂಗಸರೂ ಮತ ಹಾಕಿದರು. 1949ರಲ್ಲಿ ಉಬೊನ್ ರಾಚಥಾನಿಯಿಂದ ಒರಪಿನ್ ಚೈಯಕಾನ್ ಮೊದಲ ಸಂಸದೆಯಾದರು. ಮತಪೆಟ್ಟಿಗೆ ಇಷ್ಟು ಬೇಗ ತೆರೆಯಿತು, ಮನೆಯ ಕಾನೂನು ಮಾತ್ರ ಕದಲಲಿಲ್ಲ. 1935ರ ಕುಟುಂಬ ಕಾನೂನಿನ ಸಂಹಿತೆ ಏಕಪತ್ನಿತ್ವವನ್ನು ತಂದರೂ ಗಂಡನನ್ನೇ ಕುಟುಂಬದ ಯಜಮಾನನೆಂದಿತು; ಅದು ಸಡಿಲವಾದದ್ದು 1976ರಲ್ಲಿ. ವಿವಾಹಿತೆ ತನ್ನ ಮೂಲ ಕುಲನಾಮ ಉಳಿಸಿಕೊಳ್ಳಲು 2003ರಲ್ಲಿ ಸಾಂವಿಧಾನಿಕ ನ್ಯಾಯಾಲಯದ ತೀರ್ಪೇ ಬೇಕಾಯಿತು. ಹೆಂಡತಿಯ ಮೇಲಿನ ಅತ್ಯಾಚಾರ ಅಪರಾಧವಾದದ್ದು 2007ರಲ್ಲಿ. ನಾಲ್ಕೇ ವರ್ಷಗಳ ನಂತರ ಯಿಂಗ್‌ಲಕ್ ಶಿನವಾತ್ರಾ ಪ್ರಧಾನಿಯಾದರು! ಹೆಣ್ಣೊಬ್ಬಳು ಪ್ರಧಾನಿಯಾದಳೆಂದರೆ ಎಲ್ಲವೂ ಸರಿಹೋಯಿತು ಎನ್ನುವವರನ್ನು ನಾನು ನಂಬುವುದಿಲ್ಲ. ಆಕೆ ಆ ಪಟ್ಟಕ್ಕೆ ಬಂದದ್ದು ಅಣ್ಣ, ಮಾಜಿ ಪ್ರಧಾನಿ ಥಾಕ್ಸಿನ್‌ನ ಹೆಸರಿನ ಬಲದಿಂದ ಕೂಡ.

ಇನ್ನೂ ತೆರೆಯದ ಬಾಗಿಲು ಬೌದ್ಧ ವಿಹಾರದ್ದು. ಹೆಂಗಸರಿಗೆ ದೀಕ್ಷೆ ಕೊಡಬಾರದೆಂದು 1928ರಲ್ಲಿ ಥಾಯ್ ಬೌದ್ಧ ಭಿಕ್ಷುಸಂಘದ ಮುಖ್ಯಸ್ಥರಾದ ಸಂಘರಾಜರು ಆಜ್ಞೆ ಹೊರಡಿಸಿದರು. ಆದ್ದರಿಂದ ಥಾಯ್ ಮಹಿಳೆ ಧಮ್ಮನಂದಾ ಅವರು 2003ರಲ್ಲಿ ಶ್ರೀಲಂಕಾಕ್ಕೆ ಹೋಗಿ ಭಿಕ್ಖುಣಿಯಾಗಿ, ಅಂದರೆ ಪೂರ್ಣ ದೀಕ್ಷೆ ಪಡೆದ ಬೌದ್ಧ ಸನ್ಯಾಸಿನಿಯಾಗಿ, ಬಂದರು. ನಖೊನ್ ಪಥೋಮ್‌ನ ಅವರ ವಿಹಾರದಲ್ಲಿ ಕಾವಿಯುಟ್ಟ ಭಿಕ್ಖುಣಿಯರಿದ್ದಾರೆ. ಥಾಯ್ ಸಂಘ ಅವರನ್ನು ಇಂದಿಗೂ ಭಿಕ್ಖುಣಿಯರೆಂದು ಒಪ್ಪಿಲ್ಲ.

ನಮಸ್ಕಾರ.